ಗಂಧರಾಜ: ಹೂ ಮುಗಿದ ಮೇಲೆ ಎಷ್ಟು ಸವರಬೇಕು, ಯಾವಾಗ?

ತಾರಸಿ ಕುಂಡ, ಬೆಂಗಳೂರು
ಎಲ್ಲರಿಗೂ ನಮಸ್ಕಾರ. 14 ಇಂಚಿನ ಸಿಮೆಂಟ್ ಕುಂಡದಲ್ಲಿ ಸುತ್ತು ಹೂವಿನ ಗಂಧರಾಜ ಇದೆ, ನರ್ಸರಿಯವರು ಗಾರ್ಡೇನಿಯಾ ಅಂತ ಕೊಡೋದು. ವಯಸ್ಸು ಐದು ವರ್ಷ, ಎತ್ತರ ನಾಲ್ಕು ಅಡಿ. ಬುಡದಿಂದ ಒಂದೂವರೆ ಅಡಿ ಬರೀ ಕಡ್ಡಿ, ಎಲೆ ಎಲ್ಲಾ ತುದಿಯಲ್ಲಿ. ಈ ಸಲದ ಹೂ ಜೂನ್ ಎರಡನೇ ವಾರಕ್ಕೆ ಮುಗಿಯಿತು, ಒಟ್ಟು ಒಂಬತ್ತೇ. ಹಿಂದಿನ ಡಿಸೆಂಬರ್‌ನಲ್ಲಿ ಅರ್ಧ ಅಡಿ ಮೇಲ್ಭಾಗ ಕತ್ತರಿಸಿದ್ದಾಗಿದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಬೋರ್‌ವೆಲ್ ನೀರು. ಈಗ ಸವರಬಹುದಾ? ಎಷ್ಟು?

ಹಸಿರು ಕತ್ತರಿ, ಮೈಸೂರು
ಒಂಬತ್ತೇ ಹೂ ಯಾಕೆ ಅನ್ನೋದಕ್ಕೆ ಉತ್ತರ ನಿಮ್ಮ ಡಿಸೆಂಬರ್ ಕತ್ತರಿಯಲ್ಲೇ ಇದೆ. ಗಂಧರಾಜ ಮೊಗ್ಗು ಕಟ್ಟೋದು ಮಳೆಗಾಲದಲ್ಲಿ ಬೆಳೆದು ಬಲಿತ ಕುಡಿಯ ತುದಿಯಲ್ಲಿ. ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಡ್ಡಿ ಬೆಳೆಯುತ್ತೆ. ಆಮೇಲೆ ರಾತ್ರಿ ತಾಪ 16ರಿಂದ 18 ಡಿಗ್ರಿಗೆ ಇಳಿದಾಗ ತುದಿಯಲ್ಲಿ ಮೊಗ್ಗಿನ ಮೊಳಕೆ ಕೂರುತ್ತೆ. ಬೆಂಗಳೂರು, ಮೈಸೂರಿನಲ್ಲಿ ಅದು ನವೆಂಬರ್‌ನಿಂದ ಜನವರಿ. ಡಿಸೆಂಬರ್‌ನಲ್ಲಿ ತುದಿ ತೆಗೆದರೆ ಮುಂದಿನ ಬೇಸಿಗೆಯ ಹೂವನ್ನೇ ಕೊಯ್ದು ಎಸೆದಂತೆ. ಕಣ್ಣಿಗೆ ಕಾಣೋದು ಗೋಧಿಕಾಳಿನಷ್ಟು ಉಬ್ಬು, ಅಷ್ಟೇ. ಹಾಗಾಗಿ ಯಾರಿಗೂ ಗೊತ್ತಾಗಲ್ಲ.

ಸವರಲು ಸರಿಯಾದ ಸಮಯ ಈಗ. ಮುಖ್ಯ ಫಸಲು ಮುಗಿದು ಎರಡು ಮೂರು ವಾರದೊಳಗೆ. ಪುಷ್ಯ ಮಳೆ ಮುಗಿಯುವಷ್ಟರಲ್ಲಿ, ಅಂದರೆ ಆಗಸ್ಟ್ ಮೊದಲ ವಾರದೊಳಗೆ, ಕತ್ತರಿ ಒಳಗಿಡಿ. ಅದಾದ ಮೇಲೆ ಒಣಗಿದ ಕಡ್ಡಿ ಬಿಟ್ಟರೆ ಬೇರೇನನ್ನೂ ಮುಟ್ಟಬೇಡಿ.

ಕ್ರಮ ಹೀಗೆ. ಮೊದಲು ಒಣಗಿದ ಕಡ್ಡಿ, ಒಳಮುಖವಾಗಿ ಹೋಗಿ ಒಂದಕ್ಕೊಂದು ಉಜ್ಜುವ ಕಡ್ಡಿ, ಪೆನ್ಸಿಲ್‌ಗಿಂತ ಬಡಕಲಾದದ್ದು, ಇವಿಷ್ಟನ್ನು ಬುಡಸಮೇತ ತೆಗೀರಿ. ಒಂದು ಹೆಜ್ಜೆ ಹಿಂದೆ ಸರಿದು ನೋಡಿ. ಉಳಿದದ್ದರ ಎತ್ತರದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಇಳಿಸಿ. ಪ್ರತಿ ಕಡ್ಡಿಯಲ್ಲೂ ಆರೋಗ್ಯದ ಎಲೆಜೋಡಿ ಕನಿಷ್ಠ ಎರಡು ಉಳಿಯಲೇಬೇಕು. ಕತ್ತರಿಯನ್ನು ಗಿಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಹಾಕಿ. ಗುಲಾಬಿಗೆ ಓರೆಯಾಗಿ ಕತ್ತರಿಸ್ತೀವಲ್ಲ, ಇಲ್ಲಿ ಬೇಡ. ಗಂಧರಾಜದ ಎಲೆ ಎದುರುಬದುರು, ಕೆಲವೊಮ್ಮೆ ಮೂರರ ಸುತ್ತು. ಓರೆ ಹಾಕಿದರೆ ಒಂದು ಕಡೆಯ ಕಣ್ಣು ಒಣಗುತ್ತೆ. ನೇರವಾಗಿ ಕತ್ತರಿಸಿದರೆ ಎರಡೂ ಕಣ್ಣು ಒಡೆದು ಒಂದು ಕಡ್ಡಿ ಎರಡಾಗುತ್ತೆ, ಮುಂದಿನ ವರ್ಷ ತುದಿ ಹೆಚ್ಚು, ಹೂವೂ ಹೆಚ್ಚು. ಇಡೀ ಕೆಲಸದ ಲೆಕ್ಕ ಇಷ್ಟೇ, ತುದಿಗಳ ಲೆಕ್ಕ.

ಕಂದು ಬಣ್ಣಕ್ಕೆ ತಿರುಗಿ ನೇತಾಡೋ ಹಳೇ ಹೂವನ್ನು ಸುಮ್ಮನೆ ಕಿತ್ತರೆ ಸಾಲದು. ಹೂವಿನ ಕೆಳಗಿನ ಮೊದಲ ಎಲೆಜೋಡಿಯ ಮೇಲ್ಗಡೆ ಕತ್ತರಿಸಿ. ಅಲ್ಲೇ ಎರಡು ಚಿಗುರು ಆಗಲೇ ಹೊರಟಿರುತ್ತೆ, ಅದಕ್ಕೆ ಗಾಯ ಆಗದಂತೆ ನೋಡಿಕೊಳ್ಳಿ.

ಹೂಬುಟ್ಟಿ, ತುಮಕೂರು
ಸವರುವ ಮುಂಚೆ ಒಂದು ಎಲೆ ಕಿತ್ತು ನೋಡಿ ಅಂತ ಎಲ್ಲರಿಗೂ ಹೇಳಬೇಕು. ಬಿಳಿ ಹಾಲು ಸುರಿದರೆ ಅದು ನಂದಿಬಟ್ಟಲು, ಗಂಧರಾಜ ಅಲ್ಲ. ಸುತ್ತು ನಂದಿಬಟ್ಟಲಿಗೂ ಗಾರ್ಡೇನಿಯಾ ಅಂತಲೇ ಚೀಟಿ ಅಂಟಿಸಿ ಮಾರುವವರಿದ್ದಾರೆ. ನಂದಿಬಟ್ಟಲು ವರ್ಷದ ಹೆಚ್ಚು ಕಾಲ ಹೂ ಬಿಡುತ್ತೆ, ಅದನ್ನು ಯಾವಾಗ ಕತ್ತರಿಸಿದರೂ ತಿಂಗಳೆರಡರಲ್ಲಿ ಮತ್ತೆ ಹೂ. "ನಾವು ಚಳಿಗಾಲದಲ್ಲೇ ಕತ್ತರಿಸೋದು, ಏನೂ ಆಗಲ್ಲ" ಅನ್ನುವವರ ಗಿಡ ಹೆಚ್ಚಾಗಿ ಅದೇ.

ಗಂಧರಾಜದ ಎಲೆ ಮುರಿದರೆ ಹಾಲು ಬರಲ್ಲ. ಎಣ್ಣೆ ಹಚ್ಚಿದ ಹಾಗೆ ಹೊಳಪು, ನರಗಳು ಒಳಕ್ಕೆ ಕೊರೆದಂತೆ. ಮೊಗ್ಗು ಹಸಿರು ಬಿಳಿ, ತಿರುಪು ಹಾಕಿ ಸುತ್ತಿದ ಹಾಗೆ, ಅದರ ಬುಡದ ಹಸಿರು ಬಟ್ಟಲಿನ ಮೇಲೆ ಉದ್ದುದ್ದ ಏಣು. ಹೂ ಅರಳಿದ ಎರಡು ಮೂರು ದಿನಕ್ಕೆ ಬೆಣ್ಣೆ ಬಣ್ಣಕ್ಕೆ ತಿರುಗುತ್ತೆ. ನಂದಿಬಟ್ಟಲು ಬಿಳಿಯಾಗಿಯೇ ಬಾಡುತ್ತೆ.

ಮಲೆನಾಡ ಮಳೆ, ಮೂಡಿಗೆರೆ
ಹಸಿರು ಕತ್ತರಿಯವರ ಲೆಕ್ಕ ಬಯಲುಸೀಮೆಗೆ ಸರಿ. ಮಲೆನಾಡಿನಲ್ಲಿ ಆರಿದ್ರಾ, ಪುನರ್ವಸು ಮಳೆ (ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ) ಹೊಡೆಯುವಾಗ ಕತ್ತರಿ ಹಾಕಿದರೆ ಗಾಯ ಒಣಗುವುದೇ ಇಲ್ಲ. ತುದಿಯಿಂದ ಕಪ್ಪಾಗುತ್ತಾ ಇಳಿಯುತ್ತದೆ. ಕಾಂಡಕ್ಕೆ ಬರುವ ಕ್ಯಾಂಕರ್ ಶಿಲೀಂಧ್ರ ಒಳಹೋಗುವುದೇ ಇಂಥ ಗಾಯದಿಂದ: ಮೊದಲು ತೊಗಟೆ ತಗ್ಗಾಗಿ ಕಂದು ಮಚ್ಚೆ, ಆಮೇಲೆ ಸುತ್ತ ಬಿರುಕುಬಿಟ್ಟು ಗಂಟುಗಂಟು ಊತ, ಅದರ ಮೇಲಿನ ಭಾಗ ಸೊರಗುತ್ತದೆ. ಒಮ್ಮೆ ಬಂದ ಮೇಲೆ ಔಷಧಿಯಿಂದ ವಾಸಿಯಾಗುವುದಿಲ್ಲ, ಮಚ್ಚೆಯ ಕೆಳಗೆ ಒಂದು ಗೇಣು ಒಳ್ಳೆಯ ಭಾಗ ಸೇರಿಸಿ ಕತ್ತರಿಸಿ ಸುಡಬೇಕು.

ಹಾಗಾಗಿ ಇಲ್ಲಿ ಎರಡೇ ದಾರಿ. ಹೂ ಬೇಗ ಮುಗಿದಿದ್ದರೆ ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಸವರಿಬಿಡುವುದು, ಇಲ್ಲದಿದ್ದರೆ ಎರಡು ಮೂರು ದಿನ ಬಿಡುವು ಸಿಕ್ಕಾಗ ಬಿಸಿಲೇರಿದ ಮೇಲೆ ಮಾಡುವುದು. ಕಡ್ಡಿ ಬೆರಳು ದಪ್ಪಕ್ಕಿಂತ ಹೆಚ್ಚಿದ್ದರೆ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚಿ. ಸಣ್ಣ ಕಡ್ಡಿಗೆ ಬೇಕಿಲ್ಲ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿ ಬಾಯಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಇನ್ನೊಂದು ಮಾತು. ಗಂಧರಾಜ ಕಾಫಿಯ ಕುಟುಂಬದ್ದೇ. ಕಾಫಿಯಲ್ಲಿ ಕಂಬಚಿಗುರು ಮುರಿದ ಹಾಗೆ ಇದರಲ್ಲೂ ಬುಡದಿಂದ ನೆಟ್ಟಗೆ, ಅಡ್ಡಕೊಂಬೆ ಇಲ್ಲದೆ ಬರುವ ಚಿಗುರನ್ನು ಬೆರಳುದ್ದ ಇರುವಾಗಲೇ ಕೈಯಲ್ಲಿ ಮುರಿಯಬಹುದು. ಆದರೆ ತಾರಸಿ ಕುಂಡದವರ ಗಿಡ ಬುಡದಲ್ಲಿ ಬೋಳು, ಅವರು ಅಂಥ ಚಿಗುರು ಬಂದರೆ ಬಿಟ್ಟುಕೊಳ್ಳಲಿ. ಖಾಲಿ ಜಾಗ ತುಂಬುವುದು ಅದೇ.

ಬೇರುಮೂಲ, ಹಾಸನ
ಮೂರನೇ ಒಂದು ಭಾಗ ಇಳಿಸಿದರೆ ಬುಡದ ಬೋಳು ಸರಿಹೋಗಲ್ಲ. ಚಿಗುರು ಕತ್ತರಿಸಿದ ಜಾಗದ ಕೆಳಗಿನ ಒಂದೆರಡು ಗಿಣ್ಣಿಂದಲೇ ಬರೋದು. ಅಂದರೆ ಮತ್ತೆ ಮೇಲ್ಗಡೆಯೇ ಪೊದೆ. ಎಲ್ಲವನ್ನೂ ಒಂದೇ ಸಲ ಒಂದಡಿಗೆ ಇಳಿಸಿ, ಹಳೇ ಕಟ್ಟಿಗೆಯಿಂದಲೂ ಗಂಧರಾಜ ಒಡೆಯುತ್ತೆ.

ಹಸಿರು ಕತ್ತರಿ, ಮೈಸೂರು
ಒಡೆಯುತ್ತೆ, ಬೇರು ಗಟ್ಟಿ ಇದ್ದರೆ. ಎಲೆ ಹಳದಿಯಾಗಿರೋ ಗಿಡವನ್ನು ಎಲೆಯೇ ಇಲ್ಲದ ಹಾಗೆ ಇಳಿಸಿದರೆ ಕುಂಡದ ನೀರು ಎಳೆಯೋರು ಯಾರು? ಮಳೆಗಾಲ ಬೇರೆ. ಮಣ್ಣು ವಾರಗಟ್ಟಲೆ ಹಸಿಯಾಗಿ ಉಳಿದು ಬೇರು ಕೊಳೆಯುತ್ತೆ. ಕಡ್ಡಿ ಸತ್ತದ್ದು ಕತ್ತರಿಯಿಂದ ಅಂತ ಅಂದುಕೊಳ್ತಾರೆ, ಕೊಂದದ್ದು ನೀರು. ಜೊತೆಗೆ ಹಾಗೆ ಇಳಿಸಿದ ಗಿಡದ ಚಿಗುರು ಅಕ್ಟೋಬರ್ ಹೊತ್ತಿಗೆ ಬಲಿಯಲ್ಲ, ಒಂದು ವರ್ಷ ಹೂವಿಲ್ಲ.

ಮೂರು ವರ್ಷಕ್ಕೆ ಹಂಚಿ. ಪ್ರತಿ ಜುಲೈನಲ್ಲಿ ಅತಿ ಹಳೆಯ, ದಪ್ಪ ಕಡ್ಡಿ ಮೂರರಲ್ಲಿ ಒಂದನ್ನು ಮಾತ್ರ ಮಣ್ಣಿಂದ ಒಂದು ಗೇಣು ಎತ್ತರಕ್ಕೆ ಇಳಿಸಿ. ಉಳಿದದ್ದಕ್ಕೆ ತುದಿ ಸವರಿದರೆ ಸಾಕು. ಬೆಳಕು ಬುಡಕ್ಕೆ ಬೀಳುತ್ತೆ, ಇಳಿಸಿದ ಕಡ್ಡಿ ಒಡೆಯುತ್ತೆ, ಉಳಿದವು ಹೂ ಕೊಡುತ್ತೆ.

ಬೇರುಮೂಲ, ಹಾಸನ
ನೆಲದಲ್ಲಿರೋ ಹತ್ತು ವರ್ಷದ ಗಿಡಕ್ಕೆ ನನ್ನ ಮಾತು ಈಗಲೂ ನಿಲ್ಲುತ್ತೆ. ಕುಂಡಕ್ಕೆ ನಿಮ್ಮದೇ ಸರಿ, ಅದರಲ್ಲೂ ಹಳದಿ ಎಲೆಯ ಗಿಡಕ್ಕೆ.

ನೀರಿನ ರುಚಿ, ಕೋಲಾರ
ತಾರಸಿ ಕುಂಡದವರೇ, ಹೊಸ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಇರೋದನ್ನು ಬೇರು ಎಳೆಯೋಕಾಗ್ತಿಲ್ಲ. ಗಂಧರಾಜಕ್ಕೆ ಪಿಹೆಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ) 5ರಿಂದ 6 ಬೇಕು. ಬೋರ್‌ವೆಲ್ ನೀರಿನ ಬೈಕಾರ್ಬನೇಟ್ ದಿನಾ ಒಂದಿಷ್ಟು ಸುಣ್ಣ ಹಾಕಿದ ಹಾಗೆ ಪಿಹೆಚ್ ಏರಿಸುತ್ತೆ. 7 ದಾಟಿದರೆ ಕಬ್ಬಿಣ ತುಕ್ಕಿನ ರೂಪದಲ್ಲಿ ಮಣ್ಣಲ್ಲೇ ಕೂರುತ್ತೆ. ನಿಮ್ಮದು ಸಿಮೆಂಟ್ ಕುಂಡ ಬೇರೆ, ಅದರ ಗೋಡೆಯೂ ಸುಣ್ಣ ಬಿಡುತ್ತೆ. ಕುಂಡದ ಹೊರಗೆ ಬಿಳಿ ಪೊರೆ ಕಟ್ಟಿದೆಯಾ ನೋಡಿ.

ಹಳೇ ಎಲೆ, ಕೆಳಗಿನ ಎಲೆ ಹಳದಿಯಾಗಿ ನರ ಹಸಿರಿದ್ದರೆ ಮಾತ್ರ ಮೆಗ್ನೀಷಿಯಂ. ಆಗ ಎಪ್ಸಮ್ ಸಾಲ್ಟ್ ಲೀಟರಿಗೆ 2ರಿಂದ 3 ಗ್ರಾಂ. ಯಾವ ಎಲೆ ಅಂತ ನೋಡದೆ ಎಲ್ಲ ಹಳದಿಗೂ ಎಪ್ಸಮ್ ಸುರಿಯೋದು ಈಗ ಒಂದು ಚಟ ಆಗಿದೆ.

ಕಬ್ಬಿಣ ಕೊಡೋದಾದರೆ ಕೀಲೇಟ್‌ನಲ್ಲಿ, ಅಂದರೆ ಕಬ್ಬಿಣವನ್ನು ಕಟ್ಟಿ ಕರಗಿದಂತೆಯೇ ಹಿಡಿದಿಡೋ ಪುಡಿಯಲ್ಲಿ, ಎರಡು ಬಗೆ. ಇಡಿಟಿಎ ಕೀಲೇಟ್ ಎಲೆಗೆ: ಲೀಟರಿಗೆ ಅರ್ಧ ಗ್ರಾಂ, ಸಂಜೆ ಹೊತ್ತು, ಹತ್ತು ದಿನಕ್ಕೊಮ್ಮೆ, ಮೂರು ಸಲ. ಮಣ್ಣಿಗೆ ಅದು ದಂಡ, ಪಿಹೆಚ್ 6.5 ಮೀರಿದರೆ ಕಟ್ಟು ಬಿಟ್ಟುಕೊಳ್ಳುತ್ತೆ. ಮಣ್ಣಿಗೆ ಇಡಿಡಿಹೆಚ್‌ಎ ಅನ್ನೋ ಕಡುಗೆಂಪು ಪುಡಿ, ಅದು ಪಿಹೆಚ್ 9ರಲ್ಲೂ ತಾಳುತ್ತೆ: 14 ಇಂಚಿನ ಕುಂಡಕ್ಕೆ 2ರಿಂದ 3 ಗ್ರಾಂ, ಎರಡು ಲೀಟರ್ ನೀರಲ್ಲಿ ಕಲಸಿ ಹಸಿ ಮಣ್ಣಿಗೆ. ಈಗ ಹಳದಿಯಾಗಿರೋ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಮುಂದಿನ ಎಲೆ ನೋಡಿ ತೀರ್ಮಾನ ಮಾಡಿ.

ಅನ್ನಭೇದಿಯೂ (ಫೆರಸ್ ಸಲ್ಫೇಟ್) ಕಬ್ಬಿಣವೇ, ಅಗ್ಗ. ಆದರೆ ಬೋರ್ ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೆ ನೀರು ಚಹಾ ಬಣ್ಣಕ್ಕೆ ತಿರುಗುತ್ತೆ. ಆಗಲೇ ಅದು ಗಿಡಕ್ಕೆ ದಕ್ಕದ ತುಕ್ಕು. ಮಳೆನೀರಲ್ಲಿ, ಲೀಟರಿಗೆ 2 ಗ್ರಾಂ, ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಿ ಆಗಿಂದಾಗ ಸಿಂಪಡಿಸಬೇಕು. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗಲ್ಲ, ಮನೆಯವರ ಮಾತು ಕೇಳಬೇಕಾಗುತ್ತೆ.

ಕಡಲತಡಿ, ಉಡುಪಿ
ನಮ್ಮ ಕಡೆ ಮುರಕಲ್ಲು ಮಣ್ಣು, ಹುಳಿ ಮಣ್ಣೇ, ಹಾಗಾಗಿ ಹಳದಿಯ ರಗಳೆ ಕಮ್ಮಿ ಮಾರಾಯ್ರೆ. ಎಲೆ ಕಪ್ಪು ಹಸಿರು. ಆದ್ರೆ ರಾತ್ರಿ ತಂಪು ಸಾಲುದಿಲ್ಲ, ಮೊಗ್ಗು ಒಟ್ಟಿಗೆ ಕೂರುದಿಲ್ಲ, ಹೂ ಬಿಡಿಬಿಡಿಯಾಗಿ ಬರ್ತದೆ. ಅದಕ್ಕೆ ಒಂದೇ ಸಲ ಸವರುದಕ್ಕಿಂತ ಹೂ ಮುಗಿದ ಕಡ್ಡಿ ಹೂ ಮುಗಿದ ಹಾಗೆ ಸವರ್ತಾ ಹೋಗುದು ಒಳ್ಳೇದು.

ಒಂದು ಪ್ರಶ್ನೆ: ವಿನೆಗರ್, ನಿಂಬೆರಸ ಹಾಕಿದ್ರೆ ನೀರು ಸರಿ ಆಗುದಿಲ್ವಾ?

ನೀರಿನ ರುಚಿ, ಕೋಲಾರ
ಆಗುತ್ತೆ, ಆದರೆ ಅಂದಾಜಿಗೆ ಹಾಕಬೇಡಿ. 10 ಲೀಟರ್ ಬಕೆಟ್‌ಗೆ ನಿಂಬೆ ಉಪ್ಪು 1 ಗ್ರಾಂ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ಪಿಹೆಚ್ ಪೇಪರ್ ಅದ್ದಿ. 6ರಿಂದ 6.5 ಬರೋವರೆಗೆ ಒಂದೊಂದೇ ಗ್ರಾಂ. ಗಡಸು ಬೋರ್ ನೀರಿಗೆ 2ರಿಂದ 4 ಗ್ರಾಂ ಹಿಡಿಯುತ್ತೆ. ಅಷ್ಟು ಆಮ್ಲಕ್ಕೆ ನಿಂಬೆಹಣ್ಣು ದಿನಾ ಹಿಂಡೋಕೆ ಆಗಲ್ಲ.

ಒಂದು ಮಿತಿ ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಮ್ಲವನ್ನು ತಿಂದು ಮುಗಿಸಿದ ಮೇಲೆ ಬೈಕಾರ್ಬನೇಟ್ ಮತ್ತೆ ಹುಟ್ಟುತ್ತೆ. ವಿನೆಗರ್‌ದೂ ಅದೇ ಪಾಡು. ಕಬ್ಬಿಣ ಎಳೆಯೋಕೆ ಕೆಲವು ದಿನ ದಾರಿ ಸಿಗುತ್ತೆ ಅಷ್ಟೇ, ಮಣ್ಣು ಶಾಶ್ವತವಾಗಿ ಹುಳಿಯಾಗಲ್ಲ. ಬಾಳಿಕೆ ಬೇಕಿದ್ದರೆ ಗಂಧಕದ ಪುಡಿ ಒಂದು ಟೀ ಚಮಚ, ಮೇಲ್ಮಣ್ಣಿಗೆ ಬೆರೆಸಿ. ಕೆಲಸ ಮಾಡೋಕೆ ಆರೆಂಟು ವಾರ ಬೇಕು. ಎಲ್ಲಕ್ಕಿಂತ ಒಳ್ಳೇದು ಈಗ ಮೇಲಿಂದ ಬೀಳ್ತಿರೋ ಮಳೆ, ಒಂದು ಡ್ರಮ್ ಇಡಿ. ಏಸಿಯಿಂದ ಸೋರೋ ನೀರೂ ಆಗುತ್ತೆ. ಆರ್‌ಓ ಯಂತ್ರ ಹೊರಹಾಕೋ ನೀರನ್ನು ಮಾತ್ರ ಹಾಕಬೇಡಿ, ಮೂಲ ನೀರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿರುತ್ತೆ. ಬಕೆಟ್‌ನಲ್ಲಿ ರಾತ್ರಿ ಇಟ್ಟರೆ ಹೋಗೋದು ಕ್ಲೋರಿನ್, ಗಡಸುತನ ಅಲ್ಲ.

ಎರೆಮಣ್ಣು, ಗದಗ
ನಮ್ಮ ಎರಿ ಮಣ್ಣಾಗ ಇದನ್ನ ನೆಲಕ್ಕ ಹಚ್ಚಬ್ಯಾಡ್ರಿ. ಸುಣ್ಣದ ಹರಳು ಭಾಳ, ಎರಡನೇ ವರ್ಷಕ್ಕ ಗಿಡ ಹಳದಿ. ಕುಂಡದಾಗ ಇಡ್ರಿ: ಕೆಂಪು ಮಣ್ಣು ಎರಡು ಪಾಲು, ಚೆಂದಾಗಿ ಕೊಳೆತ ಎಲಿ ಗೊಬ್ಬರ ಎರಡು, ಕೋಕೋಪೀಟ್ ಒಂದು, ದಪ್ಪ ಮರಳು ಒಂದು. ಒಲಿ ಬೂದಿ, ತತ್ತಿ ಸಿಪ್ಪಿ, ಎಲುಬಿನ ಪುಡಿ ಇದಕ್ಕ ಬ್ಯಾಡ್ರಿ, ಮೂರೂ ಸುಣ್ಣದ ಮಾಲು.

ತಾರಸಿ ಕುಂಡ, ಬೆಂಗಳೂರು
ಎಲ್ಲರಿಗೂ ವಂದನೆ. ನೋಡಿದ್ದು ಇಷ್ಟು: ಎಲೆ ಮುರಿದರೆ ಹಾಲಿಲ್ಲ. ನೀರಿನ ಪಿಹೆಚ್ ಪೇಪರ್ 8. ಕುಂಡದ ಹೊರಗೆ ಬಿಳಿ ಪೊರೆ ಇದೆ. ತಳದ ತೂತಿಂದ ಬೇರು ಹೊರಬಂದಿದೆ. ಬುಡದಿಂದ ಬಂದಿರೋ ದಪ್ಪ ಕಡ್ಡಿ ಏಳು. ಸವರೋದು, ಕುಂಡ ಬದಲಿಸೋದು ಒಟ್ಟಿಗೆ ಮಾಡಬಹುದಾ?

ಹಸಿರು ಕತ್ತರಿ, ಮೈಸೂರು
ಮೊದಲು ಸವರಿ. ಏಳರಲ್ಲಿ ಅತಿ ಹಳೇದು ಎರಡನ್ನು ಒಂದು ಗೇಣಿಗೆ, ಉಳಿದ ಐದಕ್ಕೆ ಕಾಲು ಭಾಗ. ಮೂರು ವಾರ ಬಿಟ್ಟು, ಕಣ್ಣು ಒಡೆದು ಚಿಗುರು ಅಕ್ಕಿಕಾಳಿನಷ್ಟಾದಾಗ ಕುಂಡ ಬದಲಿಸಿ. ಒಟ್ಟಿಗೆ ಮಾಡಿದರೆ ಸಾಯಲೇಬೇಕು ಅಂತಿಲ್ಲ, ಆದರೆ ಚಿಗುರು ಬಾರದಿದ್ದಾಗ ಕಾರಣ ಯಾವುದು ಅಂತ ಗೊತ್ತಾಗಲ್ಲ. 16 ಇಂಚಿನ ಮಣ್ಣಿನ ಕುಂಡ ಸಾಕು. ಒಮ್ಮೆಗೇ 20ಕ್ಕೆ ಹಾರಿದರೆ ಬೇರಿಲ್ಲದ ಮಣ್ಣು ನೀರು ಹಿಡಿದು ಕೆಡುತ್ತೆ. ಬೇರುಮುದ್ದೆಯ ಹೊರಸುತ್ತನ್ನು ನಾಲ್ಕು ಕಡೆ ಚಾಕುವಿನಿಂದ ಒಂದು ಸೆಂಟಿಮೀಟರ್ ಆಳ ಗೀರಿ. ಮಣ್ಣು ಹಳೇ ಮಟ್ಟಕ್ಕಿಂತ ಮೇಲೆ ಬರಬಾರದು.

ಬೇರುಮೂಲ, ಹಾಸನ
ಕುಂಡ ಬಿಚ್ಚಿದಾಗ ಬೇರಿನ ಮೇಲೆ ರಾಗಿಕಾಳಿಂದ ಬಟಾಣಿಯಷ್ಟು ಗಂಟು ಇದೆಯಾ ನೋಡಿ. ಉಜ್ಜಿದರೆ ಉದುರದೆ ಬೇರೇ ಊದಿಕೊಂಡಂತಿದ್ದರೆ ಅದು ಬೇರುಗಂಟು ಜಂತುಹುಳು. ಗಂಧರಾಜಕ್ಕೆ ಅದರ ಕಾಟ ಜಾಸ್ತಿ. ಅಮೆರಿಕದ ಫ್ಲೋರಿಡಾದಲ್ಲಿ ಇದೇ ಕಾರಣಕ್ಕೆ ಗಾರ್ಡೇನಿಯಾ ಥನ್‌ಬರ್ಗಿಯಾ ಅನ್ನೋ ಆಫ್ರಿಕಾದ ಜಾತಿಯ ಮೇಲೆ ಕಸಿ ಕಟ್ಟಿ ಮಾರ್ತಾರೆ. ಕಸಿ ಗಿಡವಾದರೆ ಕಸಿಯ ಕೆಳಗಿಂದ ಬರೋ ಚಿಗುರು ಮಾತ್ರ ತೆಗೆಯಲೇಬೇಕು. ನಮ್ಮಲ್ಲಿ ಹೆಚ್ಚಿನವು ಕಡ್ಡಿ ಅಥವಾ ಗೂಟಿಯಿಂದ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ) ಮಾಡಿದ್ದು. ಗಂಟು ಕಂಡರೆ ಆ ಮಣ್ಣು ಪೂರ್ತಿ ಬದಲಿಸಿ, ಹೊಸ ಮಣ್ಣಿಗೆ ಬೇವಿನ ಹಿಂಡಿ 100 ಗ್ರಾಂ ಬೆರೆಸಿ. ಹಳೇ ಮಣ್ಣನ್ನು ಬದನೆ, ಟೊಮ್ಯಾಟೊ ಕುಂಡಕ್ಕೆ ಹಾಕಬೇಡಿ, ಅಲ್ಲಿಗೂ ಅದೇ ಹುಳು.

ಹೂಬುಟ್ಟಿ, ತುಮಕೂರು
ಕತ್ತರಿಸಿದ ಕಡ್ಡಿ ಎಸೀಬೇಡಿ. ಹಸಿರು ಹೋಗಿ ಕಂದು ತಿರುಗುತ್ತಿರೋ, ಬಗ್ಗಿಸಿದರೆ ಚಟ್ ಅನ್ನೋ ಕಡ್ಡಿ ನಾಲ್ಕೈದು ಇಂಚು. ಮೇಲಿನ ಎರಡು ಜೋಡಿ ಎಲೆ ಇಟ್ಟು ಅವನ್ನೂ ಅರ್ಧಕ್ಕೆ ಕತ್ತರಿಸಿ. ಮರಳು, ಕೋಕೋಪೀಟ್ ಸಮಸಮ. ಮೇಲೆ ಬುಡ ಕತ್ತರಿಸಿದ ನೀರಿನ ಬಾಟಲಿ ಕವುಚಿ. ನೆರಳಲ್ಲಿ ಆರರಿಂದ ಎಂಟು ವಾರ. ಬರೀ ನೀರಿನ ಲೋಟದಲ್ಲೂ ಬೇರು ಬರುತ್ತೆ, ಆದರೆ ಆ ಬೇರು ಪೆಳಸು, ಮಣ್ಣಿಗೆ ಹಾಕುವಾಗ ಮುರಿಯುತ್ತೆ. ಅರ್ಧ ಇಂಚಾದಾಗಲೇ ಎತ್ತಿಬಿಡಿ.

ಡಲ್ಲಾಸ್ ಹಿತ್ತಲು
ಇಲ್ಲಿಯದೂ ಗದಗದ ಕಥೆಯೇ, ಸುಣ್ಣದ ಜಿಗುಟು ಮಣ್ಣು, ಕ್ಷಾರದ ನೀರು. ಹೂ ಮೇ ಜೂನ್, ಸವರಲು ಜುಲೈ ಕೊನೆ ಗಡುವು. ಆಗಸ್ಟ್ ಬ್ಯೂಟಿಯಂಥ ಎರಡು ಫಸಲಿನ ತಳಿಗಳಿಗೆ ಮೊದಲ ಫಸಲಾದ ಕೂಡಲೇ ಹೂವಿನ ಕೆಳಗೆ ಒಂದು ಜೋಡಿ ಎಲೆಯಷ್ಟು ಮಾತ್ರ ಸವರಬೇಕು. ತಡವಾಗಿ ಸವರಿದರೆ ಎಳೆ ಚಿಗುರು ಹಿಮಕ್ಕೆ ಸುಡುತ್ತದೆ. ರಾಡಿಕನ್ಸ್ ಅನ್ನುವ ಕುಳ್ಳ ತಳಿಗೆ ಸವರುವಿಕೆಯೇ ಹೆಚ್ಚುಕಡಿಮೆ ಬೇಡ.

ಮಲೆನಾಡ ಮಳೆ, ಮೂಡಿಗೆರೆ
ಸವರಿದ ಮೂರು ನಾಲ್ಕನೇ ವಾರ ಚಿಗುರು ಬಂದಾಗ ದಿನಾ ಒಮ್ಮೆ ಎಲೆ ಮಗುಚಿ ನೋಡಬೇಕು. ರಾತ್ರಿ ಬೆಳಗಾಗುವುದರಲ್ಲಿ ಚಿಗುರೇ ಇಲ್ಲ, ಕೆಳಗೆ ಮೆಣಸಿನಕಾಳಿನಂಥ ಹಿಕ್ಕೆ ಬಿದ್ದಿದ್ದರೆ ಅದು ಗಾಜುರೆಕ್ಕೆ ಪತಂಗದ ಹುಳು, ಕಾಫಿ ಗಿಡವನ್ನೂ ತಿನ್ನುವಂಥದ್ದು. ಎಲೆಯದೇ ಹಸಿರು, ಪಕ್ಕದಲ್ಲಿ ಬಿಳಿ ಗೆರೆ, ಬಾಲದಲ್ಲಿ ಒಂದು ಕೊಂಬು. ಹಿಕ್ಕೆ ಬಿದ್ದ ಜಾಗದ ನೇರ ಮೇಲಿನ ಕಡ್ಡಿ ಹುಡುಕಿದರೆ ಸಿಗುತ್ತದೆ. ಕೈಯಲ್ಲಿ ತೆಗೆದರೆ ಮುಗಿಯಿತು, ಔಷಧಿ ಬೇಕಿಲ್ಲ.

ಎಲೆ ಮೇಲೆ ಕಪ್ಪು ಮಸಿ ಕಂಡರೆ ರೋಗ ಎಲೆಗಲ್ಲ. ಮೇಲಿನ ಎಲೆಯ ಅಡಿಯಲ್ಲಿ ಹಿಟ್ಟುತಿಗಣೆಯೋ ಬಿಳಿನೊಣವೋ ಕೂತು ಅಂಟು ಸುರಿಸುತ್ತಿದೆ, ಮಸಿ ಬೆಳೆದಿರುವುದು ಆ ಅಂಟಿನ ಮೇಲೆ. ಬೇವಿನೆಣ್ಣೆ 5 ಮಿಲಿ, ಪಾತ್ರೆ ತೊಳೆಯುವ ದ್ರವ 1 ಮಿಲಿ, ಒಂದು ಲೀಟರ್ ನೀರು, ಎಲೆಯ ಅಡಿಗೆ, ಸಂಜೆ, ವಾರಕ್ಕೊಮ್ಮೆ ಮೂರು ಸಲ.

ತಾರಸಿ ಕುಂಡ, ಬೆಂಗಳೂರು
ಗೊಬ್ಬರ ಯಾವಾಗಿಂದ? ಕಾಫಿ ಗಸಿ ಹಾಕಬಹುದಾ?

ನೀರಿನ ರುಚಿ, ಕೋಲಾರ
ಸವರಿದ ದಿನ ಗೊಬ್ಬರ ಬೇಡ, ತಿನ್ನೋಕೆ ಹೊಸ ಚಿಗುರಿಲ್ಲ. ಚಿಗುರು ಒಂದಿಂಚು ಆದಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರೋ ಗೊಬ್ಬರ) ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಅದರ ನಡುವೆ ತಿಂಗಳಿಗೊಮ್ಮೆ ಅಮೋನಿಯಂ ಸಲ್ಫೇಟ್ 3 ಗ್ರಾಂ ಎರಡು ಲೀಟರ್ ನೀರಲ್ಲಿ. ಸಾರಜನಕದ ಜೊತೆ ಮಣ್ಣನ್ನೂ ಹುಳಿ ಮಾಡುತ್ತೆ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಬೇಕಾದರೆ ಹತ್ತು ಪಟ್ಟು ತೆಳು ಮಾಡಿ. ಸೆಪ್ಟೆಂಬರ್ ಕೊನೆಗೆ ಸಾರಜನಕ ನಿಲ್ಲಿಸಿ, ಇಲ್ಲದಿದ್ದರೆ ಚಿಗುರ್ತಾನೇ ಇರುತ್ತೆ, ಬಲಿಯಲ್ಲ. ಡಿಕಾಕ್ಷನ್ ಇಳಿದ ಮೇಲೆ ಗಸಿಯಲ್ಲಿ ಹುಳಿ ಹೆಚ್ಚು ಉಳಿದಿರಲ್ಲ. ಮೇಲೆ ಸುರಿದರೆ ಹೆಪ್ಪುಗಟ್ಟಿ ನೀರು ಇಳಿಯೋಕೆ ಬಿಡಲ್ಲ. ಕಾಂಪೋಸ್ಟ್‌ಗೆ ಹಾಕಿ.

ಹಸಿರು ಕತ್ತರಿ, ಮೈಸೂರು
ಮೊಗ್ಗು ಬಂದ ಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಹಸಿರಾಗಿರುವಾಗಲೇ ಉದುರೋದು ಮುಂದಿನ ತಲೆನೋವು, ಅದನ್ನೂ ಈಗಲೇ ಹೇಳಿಬಿಡ್ತೀನಿ. ಮಣ್ಣು ಒಮ್ಮೆ ಪೂರ್ತಿ ಒಣಗಿ ಆಮೇಲೆ ಕೆರೆಯಂತೆ ನೀರು ನಿಂತರೆ ಉದುರುತ್ತೆ. ರಾತ್ರಿ ತಾಪ ಇದ್ದಕ್ಕಿದ್ದಂತೆ ಏರಿದರೆ ಉದುರುತ್ತೆ. ಮೊಗ್ಗಿದ್ದಾಗ ಕುಂಡದ ಜಾಗ ಬದಲಿಸಿದರೂ ಉದುರುತ್ತೆ. ಮೊಗ್ಗಿನ ತುದಿ ಕಂದಾಗಿ ತೆರೆಯದೆ ಉದುರಿದರೆ ಬಿಡಿಸಿ ನೋಡಿ, ಒಳಗೆ ದಾರದ ಚೂರಿನಂಥ ಥ್ರಿಪ್ಸ್ ಹುಳು ಓಡಾಡ್ತಿರುತ್ತೆ. ಬೆಳಗಿನ ಬಿಸಿಲು ಐದು ಗಂಟೆ, ಮಾರ್ಚ್‌ನಿಂದ ಮಧ್ಯಾಹ್ನ ನೆರಳು, ಬುಡಕ್ಕೆ ಎರಡಿಂಚು ಒಣ ಎಲೆ ಹೊದಿಕೆ. ಜಾಗ ಬದಲಿಸೋದಿದ್ದರೆ ಅಕ್ಟೋಬರ್‌ನಲ್ಲೇ ಬದಲಿಸಿ ಬಿಟ್ಟುಬಿಡಿ.

ತಾರಸಿ ಕುಂಡ, ಬೆಂಗಳೂರು
ಎರಡು ದಪ್ಪ ಕಡ್ಡಿ ಗುರುತು ಹಾಕಿ ದಾರ ಕಟ್ಟಿದ್ದಾಯ್ತು. ಒಂದರ ಬುಡದಲ್ಲಿ ಬೆರಳುಗುರಿನಷ್ಟು ಚಿಗುರು ಆಗಲೇ ಇದೆ, ಮಣ್ಣಿಂದ ಐದಿಂಚಿಗೆ. ಗೇಣಿನ ಲೆಕ್ಕ ಇಡಬೇಕಾ, ಚಿಗುರಿನ ಲೆಕ್ಕ ಇಡಬೇಕಾ?

ಹಸಿರು ಕತ್ತರಿ, ಮೈಸೂರು
ಚಿಗುರಿನ ಲೆಕ್ಕ. ಅದರ ಮೇಲೆ ಒಂದಿಂಚು ಬಿಟ್ಟು ಕತ್ತರಿಸಿ, ಚಿಗುರು ಬಲಿತ ಮೇಲೆ ಉಳಿದ ತುಂಡನ್ನು ಸಮ ಮಾಡಿ. ಮತ್ತೆ ಹೊಸ ಕುಂಡವನ್ನು ಸುಣ್ಣ ಹೊಡೆದ ಪ್ಯಾರಾಪೆಟ್‌ಗೆ ಒರಗಿಸಿ ಇಡಬೇಡಿ, ಗೋಡೆಯಿಂದ ಇಳಿಯೋ ಮಳೆನೀರು ಕುಂಡಕ್ಕೇ ಬೀಳುತ್ತೆ.